ಶಾಲಾ ಅನುದಾನ: ಎಸ್‌ಡಿಎಂಸಿ ಸದಸ್ಯೆಯಾಗಿ ನಾನು ಕಂಡಿದ್ದು

ಚಿತ್ತಾಪುರ ತಾಲೂಕಿನ ನಮ್ಮೂರ ಸರ್ಕಾರಿ ಶಾಲೆಯಲ್ಲಿ 94 ಮಕ್ಕಳಿದ್ದಾರೆ. ನಾನು ಅದರ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ಕೇಂದ್ರ ಸರ್ಕಾರದ ಸಮಗ್ರ ಶಿಕ್ಷಾ ಯೋಜನೆಯಲ್ಲಿ 31ರಿಂದ 100 ಮಕ್ಕಳಿದ್ದರೆ ವರ್ಷಕ್ಕೆ 25,000 ರೂಪಾಯಿವರೆಗೆ ಅನುದಾನ. ಅದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೇ ಹೋಗಬೇಕು. ಈ ನಿಯಮ ನನಗೆ ತುಂಬಾ ಹಿಡಿಸಿತು.

ಹೋದ ವರ್ಷ ಆ ದುಡ್ಡಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕ ಹಾಕಿಸಿದೆವು. ಒಂದು ಕಬ್ಬಿಣದ ಚಿಲಕ, ಅಷ್ಟೇ. ಮೊದಲು ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕಿತ್ತು. ದೊಡ್ಡ ಹುಡುಗಿಯರು ಮಧ್ಯಾಹ್ನ ಮನೆಗೆ ಓಡುತ್ತಿದ್ದರು, ಕೆಲವರು ತಿರುಗಿ ಬರುತ್ತಲೇ ಇರಲಿಲ್ಲ. ಈಗ ಬರುತ್ತಾರೆ.

ಸಮಿತಿ ಸದಸ್ಯರಿಗೆ ಕೊಟ್ಟ ತರಬೇತಿಯೂ ಚೆನ್ನಾಗಿತ್ತು. ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೇಡಂ ಕ್ಯಾಶ್ ಬುಕ್ ಮುಂದಿಟ್ಟು, ಓದು ಬಾರದ ತಾಯಂದಿರಿಗೂ ತಿಳಿಯುವ ಹಾಗೆ ಹೇಳಿದರು.

ಬೇಸರ ಒಂದೇ. ಹಣ ಬಂದಿದ್ದು ಫೆಬ್ರವರಿಯಲ್ಲಿ. ಮಾರ್ಚ್ 31ರೊಳಗೆ ಖರ್ಚು ಮಾಡಿ, ಬಳಕೆ ಪ್ರಮಾಣಪತ್ರ ಕೊಡಿ ಎಂದರು. ಬಿಲ್ ಸರಿಯಿಲ್ಲ ಅಂತ ಕಚೇರಿಯೊಂದರಲ್ಲಿ ನಮ್ಮ ಮುಖ್ಯಗುರುಗಳನ್ನು ಸುಮ್ನೆ ಮೂರು ಸಲ ಓಡಾಡಿಸಿದರು. ಬಿಲ್ ಹೇಗಿರಬೇಕು ಅಂತ ಮೊದಲೇ ಹೇಳಬಹುದಿತ್ತು, ಅಲ್ವಾ? ಮೂರು ದಿನ ಮಕ್ಕಳ ಪಾಠ ಹೋಯಿತು.

ಈ ಸಲ ನೀರಿನ ಟ್ಯಾಂಕಿಗೆ ನೆರಳು ಮಾಡಿಸಬೇಕು ಎಂದು ಸಭೆಯಲ್ಲಿ ಬರೆಸಿದ್ದೇನೆ. ನಮ್ಮ ಕಡೆ ಬಿಸಿಲಿಗೆ ಆ ನೀರು ಬಾಯಿಗೆ ಇಡಲಾಗುವುದಿಲ್ಲ.