ಪ್ಯಾರಾಮಿಲಿಟರಿ 2 ಮತ್ತು ಅದರ ಅಗ್ಗದ ತದ್ರೂಪುಗಳು: ದುಡ್ಡು ಎಲ್ಲಿ ಹೋಗುತ್ತದೆ?

ಮಡಚುವ ಚಾಕುಗಳಲ್ಲಿ ಸ್ಪೈಡರ್ಕೋ ಎಂಬ ಅಮೆರಿಕದ ಚಾಕು ಕಂಪನಿಯ ಪ್ಯಾರಾಮಿಲಿಟರಿ 2ರಷ್ಟು ನಕಲಿಗೆ ಸಿಕ್ಕಿದ ಮಾದರಿಗಳು ಕಡಿಮೆ. 2010ರಲ್ಲಿ ಬಂದದ್ದು, ಅಮೆರಿಕದ ಕೊಲರಾಡೋದ ಗೋಲ್ಡನ್ ಊರಿನಲ್ಲಿ ತಯಾರಾಗುತ್ತದೆ. ಅಲಗು ಸುಮಾರು 87 ಮಿ.ಮೀ. ಉದ್ದ, 3.7 ಮಿ.ಮೀ. ದಪ್ಪ, ಹಿಡಿ ಜಿ10, ಅಂದರೆ ಗಾಜಿನ ನಾರು, ರಾಳ ಸೇರಿಸಿ ಒತ್ತಿದ ಹಲಗೆ. ಉಕ್ಕು ಮೊದಲು ಎಸ್30ವಿ ಇತ್ತು, ಈಚೆಗೆ ಎಸ್45ವಿಎನ್. ಬೆಲೆ 200 ಡಾಲರ್ ಆಸುಪಾಸು. ಫೋಟೋದಲ್ಲಿ ಹಾಗೆಯೇ ಕಾಣುವ ಚಾಕು ಆನ್‌ಲೈನಿನಲ್ಲಿ ಅದರ ಹತ್ತನೇ ಒಂದು ಪಾಲಿಗೆ ಸಿಗುತ್ತದೆ. ಪ್ರಶ್ನೆ ಇರುವುದೇ ಅಲ್ಲಿ.

ಮೊದಲಿಗೆ, ನಕಲುಗಳೆಲ್ಲ ಒಂದೇ ಜಾತಿಯವಲ್ಲ. ಬೇರೆಯವರ ವಿನ್ಯಾಸದ ಧಾಟಿ ಹಿಡಿದರೂ ತನ್ನ ಹೆಸರನ್ನೇ ಹಾಕಿಕೊಂಡು ಮಾರುವ ಗ್ಯಾಂಝೋದಂಥ ಕಂಪನಿ ಒಂದು ಬಗೆ. ಸ್ಪೈಡರ್ಕೋದ ಜೇಡದ ಗುರುತು, ‘ಗೋಲ್ಡನ್, ಕೊಲರಾಡೋ’ ಎಂಬ ಬರಹ, ಉಕ್ಕಿನ ಹೆಸರು ಸಮೇತ ಅಚ್ಚು ಹಾಕಿ ಮಾರುವ ಅನಾಮಧೇಯ ಮಾಲು ಇನ್ನೊಂದು ಬಗೆ. ಎರಡನೆಯದರ ಮೇಲೆ ಬರೆದ ಒಂದಕ್ಷರವನ್ನೂ ನಂಬಬೇಕಿಲ್ಲ. ಊರಿನ ಹೆಸರನ್ನೇ ಸುಳ್ಳು ಬರೆದವನು ಉಕ್ಕಿನ ಹೆಸರನ್ನು ನಿಜ ಬರೆದಾನೆಯೇ? ಹಾಗೆಂದು ‘ಚೀನಾ ಮಾಲು’ ಎಂದು ಮೂಗು ಮುರಿಯುವುದೂ ತಪ್ಪು. ಸ್ಪೈಡರ್ಕೋದ್ದೇ ಟೆನೇಶಿಯಸ್ ಎಂಬ ಮಾದರಿ ತಯಾರಾಗುವುದು ಚೀನಾದಲ್ಲಿ. ಸಿವಿವಿ, ಕ್ಯೂಎಸ್‌ಪಿ ಚೀನಾದ ಕಂಪನಿಗಳೇ, ಸ್ವಂತ ವಿನ್ಯಾಸ, ಕೆಲಸ ಅಚ್ಚುಕಟ್ಟು.

ಇನ್ನು ಉಕ್ಕು. ಬರೀ ಹೆಸರು ನೋಡಿ ಕೊಳ್ಳುವವರು ಎಡವುವುದು ಇಲ್ಲಿ. 440ಸಿ ಎಂಬ ಸ್ಟೇನ್‌ಲೆಸ್ ಉಕ್ಕಿನಲ್ಲಿ ಶೇ. 1ರ ಸುತ್ತಮುತ್ತ ಇಂಗಾಲ, ಶೇ. 16–18 ಕ್ರೋಮಿಯಂ. ಇದನ್ನು 1,010ರಿಂದ 1,065 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಸಿ, ತಣಿಸಿ, ಮತ್ತೆ 150–200 ಡಿಗ್ರಿಯಲ್ಲಿ ಹದ ಮಾಡಿದರೆ ಗಡಸು ಅಳೆಯುವ ರಾಕ್‌ವೆಲ್ ಮಾಪಕದಲ್ಲಿ 58–60 ಬರುತ್ತದೆ. ಕುಲುಮೆಯ ಶಾಖ ಕಡಿಮೆಯಾಯಿತೋ, ಒಳಗಿಟ್ಟ ಹೊತ್ತು ಸಾಲದಾಯಿತೋ, ಅದೇ ಉಕ್ಕು 54–55ಕ್ಕೇ ನಿಂತುಬಿಡುತ್ತದೆ. ಆಗ ನಾಲ್ಕು ರಟ್ಟಿನ ಡಬ್ಬ ಕೊಯ್ಯುವಷ್ಟರಲ್ಲಿ ಬಾಯಿ, ಅಂದರೆ ಕೊಯ್ಯುವ ಅಂಚು, ಮಗುಚಿಕೊಳ್ಳುತ್ತದೆ. ಉಲ್ಟಾ ಆದರೆ, ಅಂದರೆ ಹದ ಕಡಿಮೆಯಾಗಿ ಪೆಡಸಾಗಿಯೇ ಉಳಿದರೆ, ಹಲ್ಲು ಬೀಳುತ್ತದೆ. ಹೆಸರು ಒಂದೇ, ಚಾಕು ಎರಡು.

ಅಲಗಿನ ಮೇಲೆ ಎಸ್30ವಿ ಎಂದಿದ್ದರೆ ಪರೀಕ್ಷೆಗೆ ಸಾಣೆ ಕಲ್ಲೇ ಸಾಕು, ಅರ್ಧ ಸತ್ಯವನ್ನಾದರೂ ಹೇಳುತ್ತದೆ. ಆ ಉಕ್ಕಿನಲ್ಲಿ ಶೇ. 4 ವೆನೇಡಿಯಂ ಇದೆ. ಅದು ಇಂಗಾಲದೊಡನೆ ಕೂಡಿ ಆಗುವ ಕಾರ್ಬೈಡ್ ಕಣಗಳು ಅಲ್ಯುಮಿನಿಯಂ ಆಕ್ಸೈಡ್ ಕಲ್ಲಿಗಿಂತಲೂ ಗಟ್ಟಿ. ಹಾಗಾಗಿ ಮಾಮೂಲಿ ಕಲ್ಲಿನಲ್ಲಿ ನಿಧಾನವಾಗಿ ಸವೆಯಬೇಕು. ಹತ್ತು ಸಲ ಎಳೆಯುವುದರೊಳಗೆ ಉದ್ದಕ್ಕೂ ದಪ್ಪ ಅಂಚುಮುಳ್ಳು (ಮಸೆದಾಗ ಅಂಚಿನಾಚೆ ಮಗುಚುವ ಲೋಹದ ಎಳೆ) ಎದ್ದಿತೆಂದರೆ ಅದು 3ಸಿಆರ್13ನಂಥ ಮೆದು ಉಕ್ಕಿರಬಹುದೆಂದು ಅನುಮಾನಿಸಿ. ಗಡಸು ಅಳೆಯುವ ಅರಗಳ ಸೆಟ್ಟು ಸಿಗುತ್ತದೆ, 40ರಿಂದ 65ರವರೆಗೆ ಐದೈದರ ಹೆಜ್ಜೆಯಲ್ಲಿ. ಬಾಯಿಗಲ್ಲ, ಅಲಗಿನ ಬೆನ್ನಿಗೆ ಹಿಡಿಯ ಹತ್ತಿರ ಉಜ್ಜಿ: 55ರ ಅರ ಜಾರಿ, 60ರದ್ದು ಕಚ್ಚಿದರೆ ಗಡಸು ಇವೆರಡರ ನಡುವೆ ಇದೆ. ಆಯಸ್ಕಾಂತ ಹಿಡಿದು ನೋಡುವುದು ದಂಡ, ಈ ಉಕ್ಕುಗಳೆಲ್ಲ ಅಂಟುತ್ತವೆ.

ಒಂದು ಎಚ್ಚರಿಕೆ. ಹೊಸ ಚಾಕು ಬಂದ ದಿನವೇ ತೀರ್ಪು ಕೊಡಬೇಡಿ. ಕಾರ್ಖಾನೆಯಲ್ಲಿ ಬೆಲ್ಟಿಗೆ ಒತ್ತಿ ಸಾಣೆ ಹಿಡಿಯುವಾಗ ಅಂಚಿನ ಕೂದಲೆಳೆಯಷ್ಟು ಭಾಗ ಕಾದು ಗಡಸು ಕಳೆದುಕೊಂಡಿರಬಹುದು. ಅಸಲಿಯಲ್ಲೂ ಇದು ಉಂಟು. ಒಂದು ಬದಿಗೆ 17–20 ಡಿಗ್ರಿ ಹಿಡಿದು ಎರಡು ಮೂರು ಸಲ ಮಸೆದ ಮೇಲೆ ರಟ್ಟನ್ನು ಉದ್ದಕ್ಕೆ ಸೀಳುತ್ತಾ ಹೋಗಿ, ನಡುನಡುವೆ ದಿನಪತ್ರಿಕೆಯ ಹಾಳೆ ಕೊಯ್ದು ನೋಡಿ. ಹಾಳೆ ತರಚಿ ಹರಿಯಲು ಶುರುವಾದಾಗ ಬಾಯನ್ನು ದೀಪದ ಕೆಳಗೆ ಹಿಡಿದರೆ ಮೊಂಡಾದ ಜಾಗ ಬಿಳಿ ಚುಕ್ಕಿಯಾಗಿ ಮಿನುಗುತ್ತದೆ.

ತೆರೆದ ಅಲಗು ಮಡಚಿಕೊಳ್ಳದಂತೆ ತಡೆಯುವುದು ಬೀಗ. ಉಕ್ಕಿಗಿಂತ ಬೀಗದ ಮೋಸ ಅಪಾಯಕಾರಿ. ಪ್ಯಾರಾಮಿಲಿಟರಿ 2ರಲ್ಲಿರುವುದು ಕಂಪ್ರೆಶನ್ ಲಾಕ್: ಲೋಹದ ಎಲೆಯೊಂದು ಅಲಗಿನ ಬುಡಕ್ಕೂ ತಡೆಮೊಳೆಗೂ ನಡುವೆ ಬೆಣೆಯಂತೆ ಕೂರುತ್ತದೆ. ಬುಡದ ಇಳಿಜಾರು ಒಂದಿಷ್ಟು ತಪ್ಪಿದರೂ, ಮೊಳೆ ಮೆದುವಾಗಿದ್ದರೂ, ಕೆಲವೇ ತಿಂಗಳಲ್ಲಿ ಅಲಗು ಮೇಲೆ ಕೆಳಗೆ ಅಲುಗುತ್ತದೆ. ಪಕ್ಕಕ್ಕೆ ಅಲುಗಿದರೆ ತಿರುಗಣೆಯ ಸ್ಕ್ರೂ ಬಿಗಿ ಮಾಡಿ ಸರಿಪಡಿಸಬಹುದು. ಮೇಲೆ ಕೆಳಗೆ ಅಲುಗಿದರೆ ಬಿಗಿ ಮಾಡಿ ಪ್ರಯೋಜನವಿಲ್ಲ. ಬೆರಳುಗಳನ್ನು ಬಾಯಿಯ ದಾರಿಯಿಂದ ದೂರವಿಟ್ಟು, ಅಲಗಿನ ಬೆನ್ನನ್ನು ಮರದ ಮೇಜಿಗೆ ಒತ್ತಿ ನೋಡಿ. ಬೀಗ ಒಂದಿಷ್ಟು ಜಾರಿದರೂ ಆ ಚಾಕು ಬಳಸಬೇಡಿ. ಅಗ್ಗದವುಗಳ ಟಾರ್ಕ್ಸ್ (ನಕ್ಷತ್ರದಾಕಾರದ ಕುಳಿಯ) ಸ್ಕ್ರೂ ತಲೆ ಬೇಗ ಸವೆಯುತ್ತದೆ. ಒಳಗೆ ಸುರಿದ ಅಂಟು ಬಿಡಲಿ ಎಂದು ಮೊದಲು ಸೋಲ್ಡರಿಂಗ್ ಕಡ್ಡಿಯಿಂದ ಸ್ಕ್ರೂ ತಲೆ ಕಾಯಿಸಿ, ಆಮೇಲೆ ತಿರುಗಿಸಿ.

ಅಲಗಿನ ಮೇಲೆ ನೀರಿನ ಅಲೆಯಂತೆ ಕಾಣುವ ‘ಡಮಾಸ್ಕಸ್’ ಗೆರೆಗಳ ಮೋಹವಿದ್ದವರಿಗೂ ಒಂದು ಮಾತು. ಬೆನ್ನಿನ ಹತ್ತಿರ ಚೂರು ಜಾಗವನ್ನು 400ರ ಮರಳು ಕಾಗದದಲ್ಲಿ ಉಜ್ಜಿ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸರ್ಕ್ಯೂಟ್ ಬೋರ್ಡಿಗೆಂದು ಮಾರುವ ಫೆರಿಕ್ ಕ್ಲೋರೈಡ್ ಹಚ್ಚಿ. ಗೆರೆ ಮರಳಿ ಬರದಿದ್ದರೆ ಅದು ಲೇಸರ್ ಅಚ್ಚು. ಹಳೆಯ ಡಮಾಸ್ಕಸ್ ಕತ್ತಿಗಳಿಗೆ ಬಳಕೆಯಾದ ನಮ್ಮ ನಾಡಿನ ಉಕ್ಕಿಗೆ ಇರುವ ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ವಿನಿಂದಲೇ ಹುಟ್ಟಿದ್ದೆನ್ನುತ್ತಾರೆ, ಆ ಹೆಸರಿಗೆ ಈ ಅಚ್ಚು ಅವಮಾನ.

200 ಡಾಲರ್ ಕೊಡಲಾಗದವರಿಗೆ ನನ್ನ ಸಲಹೆ ನಕಲು ಅಲ್ಲ, ಅಗ್ಗದ ಅಸಲಿ. ತರಕಾರಿಗೆ ವಿಕ್ಟೋರಿನಾಕ್ಸ್‌ನ ಚಿಕ್ಕ ಚಾಕು: ಗಡಸು 56ರ ಹತ್ತಿರ, ಬೇಗ ಮೊಂಡಾಗುತ್ತದೆ, ಆದರೆ ಪಿಂಗಾಣಿ ಬಟ್ಟಲಿನ ತಳದ ಒರಟು ಅಂಚಿಗೆ ನಾಲ್ಕು ಸಲ ಎಳೆದರೆ ಮತ್ತೆ ಟೊಮೆಟೊ ಸಿಪ್ಪೆ ಕಚ್ಚುತ್ತದೆ. ತೋಟಕ್ಕೆ ಮೋರಾ ಕಂಪನಿಯ ಕಂಪ್ಯಾನಿಯನ್ ಚಾಕು. ಮಡಚುವುದಿಲ್ಲವಾದ್ದರಿಂದ ಬೀಗದ ತಂಟೆಯೇ ಇಲ್ಲ, ಕ್ಯಾರೆಟ್ ಮಾತ್ರ ಕೊಯ್ಯದೆ ಸೀಳುತ್ತದೆ. ಕರಾವಳಿಯವರು ಡಿ2 ಉಕ್ಕಿನ ಯಾವ ಚಾಕನ್ನೂ ಒದ್ದೆ ಬಿಡಬೇಡಿ, ಕ್ರೋಮಿಯಂ ಶೇ. 12 ಇದ್ದರೂ ಅದರ ದೊಡ್ಡ ಪಾಲು ಕಾರ್ಬೈಡಿನಲ್ಲಿ ಸಿಕ್ಕಿಕೊಂಡಿರುವುದರಿಂದ ತುಕ್ಕಿನ ಚುಕ್ಕಿ ಬೀಳುತ್ತದೆ. ಮಡಚುವುದೇ ಬೇಕೆಂದರೆ ಫ್ರಾನ್ಸಿನ ಒಪಿನೆಲ್ 8ನೇ ನಂಬರು, 8.5 ಸೆಂ.ಮೀ. ಅಲಗು, ಸ್ಟೇನ್‌ಲೆಸ್ ಬಗೆಯಲ್ಲಿ 12ಸಿ27 ಉಕ್ಕು. ಮಲೆನಾಡಿನ ಮಳೆಗಾಲದಲ್ಲಿ ಇದರ ಮರದ ಹಿಡಿ ಉಬ್ಬಿ ಅಲಗು ಹೊರಬರದೆ ಸತಾಯಿಸುತ್ತದೆ. ಉಗುರು ಮುರಿದುಕೊಳ್ಳಬೇಡಿ, ಬೀಗದ ಉಂಗುರ ಬಿಚ್ಚಿ ಹಿಡಿಯ ಹಿಂಬದಿಯನ್ನು ಮೇಜಿನಂಚಿಗೆ ಒಮ್ಮೆ ಕುಟ್ಟಿ, ಉಗುರಿಗೆ ಸಿಗುವಷ್ಟು ಅಲಗು ತಾನಾಗಿ ಮೇಲೇಳುತ್ತದೆ.