ಮೈಸೂರಿನ ಮನೆಯಲ್ಲಿ ವೈನ್ ಫ್ರಿಜ್: ನಾಲ್ಕು ಬೇಸಿಗೆ ಕಂಡ ಮೇಲೆ ಬರೆದದ್ದು

ವೈನ್ ಇಡಲೆಂದೇ ಮಾಡಿದ ಪುಟ್ಟ ಫ್ರಿಜ್ ಒಂದು ಕುವೆಂಪುನಗರದ ನಮ್ಮ ಮನೆಯಲ್ಲಿ ನಾಲ್ಕು ಬೇಸಿಗೆಯಿಂದ ಓಡುತ್ತಿದೆ. ಕಂಪ್ರೆಸರ್ ಇರುವ ಮಾಡೆಲ್. 18 ಬಾಟಲಿ ಹಿಡಿಯುತ್ತದೆ ಎಂದು ಡಬ್ಬದ ಮೇಲೆ ಬರೆದಿತ್ತು. ಗಾಜಿನ ಬಾಗಿಲು, ಮರದ ಹಲಗೆಗಳು, ಮೇಲೊಂದು ಕೆಳಗೊಂದು ಖಾನೆ, ಎರಡಕ್ಕೂ ಬೇರೆ ಬೇರೆ ಟೆಂಪರೇಚರ್. ಇಂಥ ವಸ್ತುವಿನ ಬಗ್ಗೆ ಕೊಂಡ ವಾರದಲ್ಲೇ ಬರೆದರೆ ಓದಿದವರಿಗೆ ಏನೂ ಸಿಗುವುದಿಲ್ಲ. ಏಪ್ರಿಲ್ ಬಿಸಿಲು, ಮಳೆಗಾಲದ ತೇವ, ಹೋಗಿ ಬರುವ ಕರೆಂಟು ಎಲ್ಲವನ್ನೂ ಇದು ಕಂಡಾಗಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ತಣ್ಣಗಿನ ವೈನ್ ಬೇಕು ಅಂತ ಇದನ್ನು ಕೊಳ್ಳಬೇಡಿ. ಅದಕ್ಕೆ ಅಡುಗೆಮನೆಯ ಫ್ರಿಜ್ ಸಾಕು. ಇದರ ಕೆಲಸ ಬೇರೆ: ಹಗಲು ರಾತ್ರಿ, ಬೇಸಿಗೆ ಚಳಿಗಾಲ ಅನ್ನದೆ ಬಾಟಲಿಯೊಳಗಿನ ವೈನನ್ನು ಒಂದೇ ಹದದಲ್ಲಿ ಇಡುವುದು. ವೈನ್ ವರ್ಷಗಟ್ಟಲೆ ಕೆಡದೆ ಇರಬೇಕು ಅಂದರೆ ಸುಮಾರು 12ರಿಂದ 14 ಡಿಗ್ರಿ ಬೇಕು, ಬೆಳಕು ಬೀಳಬಾರದು, ಜಾಸ್ತಿ ಅಲುಗಾಡಬಾರದು, ಕಾರ್ಕ್ ಒಣಗಬಾರದು. ಇದರಲ್ಲಿ ತಂಪಿಗಿಂತ ಮುಖ್ಯವಾದದ್ದು ಏರುಪೇರು ಇಲ್ಲದಿರುವುದು.

"ಮೈಸೂರು ತಂಪು ಊರಲ್ವಾ, ಬೀರುವಲ್ಲಿ ಇಟ್ರೆ ಸಾಲ್ದಾ?" ಅಂತ ಬಂದವರೆಲ್ಲ ಕೇಳುತ್ತಾರೆ. ಸಾಲುವುದಿಲ್ಲ. ಜನವರಿ ರಾತ್ರಿ 16 ಡಿಗ್ರಿ ಆಸುಪಾಸಿಗೆ ಇಳಿಯುವ ಇದೇ ಊರಲ್ಲಿ ಏಪ್ರಿಲ್ ಮಧ್ಯಾಹ್ನ 35 ದಾಟುವುದೂ ಇದೆ. ನಮ್ಮದು ಮಹಡಿ ಮನೆ, ಮೇಲೆ ಆರ್‌ಸಿಸಿ. ಸೂರ್ಯ ಮುಳುಗಿ ಎಷ್ಟೋ ಹೊತ್ತಾದರೂ ಗೋಡೆ ಬಿಸಿಯಾಗೇ ಇರುತ್ತದೆ. ದಪ್ಪ ಗೋಡೆಯ ಹಳೇ ಹೆಂಚಿನ ಮನೆಯವರಿಗೆ ಒಂದಿಷ್ಟು ವಾಸಿ, ಆದರೆ ಅಲ್ಲೂ ಬೇಸಿಗೆ ಬೇಸಿಗೆಯೇ. ಬಿಸಿಯಾದಾಗ ವೈನ್ ಹಿಗ್ಗಿ ಕಾರ್ಕನ್ನು ಮೇಲಕ್ಕೆ ದೂಡುತ್ತದೆ. ತಣ್ಣಗಾದಾಗ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ದಿನಾ ಇದೇ ನಡೆದರೆ ಬಾಟಲಿ ಮುಚ್ಚಿದ್ದೂ ಮುಚ್ಚದ ಹಾಗೇ.

ಇದನ್ನು ಕಣ್ಣಾರೆ ನೋಡಿದ್ದೇನೆ. ಮಂಡ್ಯದ ಗೆಳೆಯನೊಬ್ಬ, ನಾನು ಒಂದೇ ದಿನ, ಒಂದೇ ಅಂಗಡಿಯಲ್ಲಿ ಫ್ರಾಟೆಲಿ ಕಂಪನಿಯವರ ಸೆಟ್ಟೆ ಅನ್ನುವ ವೈನ್ ಒಂದೊಂದು ಬಾಟಲಿ ತಗೊಂಡಿದ್ದೆವು. ಮಹಾರಾಷ್ಟ್ರದ ಅಕ್ಲುಜ್ ಕಡೆಯದು, ಸ್ಯಾಂಜೊವೇಸಿ ಮತ್ತು ಕ್ಯಾಬರ್ನೆ ಸೊವಿನ್ಯೊನ್ ಅನ್ನುವ ಎರಡು ಜಾತಿ ದ್ರಾಕ್ಷಿ ಸೇರಿದ ಕೆಂಪು ವೈನ್, ಇಟ್ಟಷ್ಟೂ ಚೆನ್ನಾಗಿ ಪಳಗುವಂಥದ್ದು. ನನ್ನದು ಈ ಫ್ರಿಜ್‌ಗೆ ಹೋಯಿತು, ಅವನದು ಹಾಲ್‌ನ ಶೋಕೇಸ್‌ಗೆ. ಎರಡು ಬೇಸಿಗೆ ಕಳೆದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ತೆಗೆದೆವು. ಅವನ ಬಾಟಲಿಯ ಮೇಲಿನ ಹಾಳೆ ಬಿಚ್ಚಿದ ಕೂಡಲೇ ಕಾಣಿಸಿತು, ಕಾರ್ಕ್ ಬಾಯಿಯಿಂದ ಒಂದು ಕೂದಲೆಳೆ ಮೇಲೆದ್ದಿತ್ತು. ಹೊರಗೆ ಎಳೆದಾಗ ಕಾರ್ಕಿನ ಮೈಯುದ್ದಕ್ಕೂ ಕೆಂಪು ಗೆರೆ, ತಳದಿಂದ ತುದಿಯವರೆಗೆ. ನನ್ನದರಲ್ಲಿ ತಳಕ್ಕೆ ಮಾತ್ರ ಬಣ್ಣ ಹತ್ತಿತ್ತು. ಗ್ಲಾಸ್ ಓರೆ ಮಾಡಿ ಬಿಳಿ ಹಾಳೆ ಮೇಲೆ ಹಿಡಿದರೆ ಅವನ ವೈನಿನ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಮೂಸಿ ನೋಡಿ, "ಲೋ, ಒಣದ್ರಾಕ್ಷಿ ಕುದಿಸಿದ ಹಾಗಿದೆಯಲ್ಲೋ" ಅಂದ. ನಿಜ, ಹಾಗೇ ಇತ್ತು. ಇನ್ನೊಂದು ಗ್ಲಾಸಿನಲ್ಲಿ ಹುಳಿ ಚೆರ್ರಿ, ಒಂಚೂರು ಚರ್ಮದ ವಾಸನೆ, ನಾಲಿಗೆಗೆ ಹಿತವಾದ ಒಗರು. ಒಂದೇ ತೋಟದ, ಒಂದೇ ವರ್ಷದ ವೈನ್. ತಯಾರಿಸಿದವರ ತಪ್ಪು ಎಳ್ಳಷ್ಟೂ ಇಲ್ಲ, ಶಾಖ ಮಾಡಿದ ಕೆಲಸ.

ಈಗ ಯಂತ್ರದ ವಿಷಯ. ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತವೆ. ಒಂದು ಥರ್ಮೋಎಲೆಕ್ಟ್ರಿಕ್, ಅಂದರೆ ಕಂಪ್ರೆಸರ್ ಇಲ್ಲದೆ ನೇರ ಕರೆಂಟಿನಿಂದಲೇ ತಣ್ಣಗೆ ಮಾಡುವಂಥದ್ದು. ಇನ್ನೊಂದು ಮಾಮೂಲಿ ಫ್ರಿಜ್‌ನ ಹಾಗೆ ಕಂಪ್ರೆಸರ್ ಇರುವಂಥದ್ದು. ಮೊದಲನೆಯದು ಅಗ್ಗ, ಸದ್ದಿಲ್ಲ, ನಡುಕವೂ ಇಲ್ಲ. ಆದರೆ ಅದು ಹೊರಗಿನ ಶಾಖಕ್ಕಿಂತ ಇಷ್ಟು ಡಿಗ್ರಿ ಕಡಿಮೆ ಅಂತ ಮಾತ್ರ ಇಳಿಸಬಲ್ಲದು, ಹೆಚ್ಚೆಂದರೆ 12, 15. ಮನೆಯೊಳಗೆ 32 ಇರುವ ಏಪ್ರಿಲ್ ಸಂಜೆ ಲೆಕ್ಕ ಹಾಕಿ ನೋಡಿ, 13 ಡಿಗ್ರಿ ಅದರ ಕೈಲಾಗುವುದಿಲ್ಲ. ನಮ್ಮ ಕಡೆಗೆ ಕಂಪ್ರೆಸರ್ ಬಿಟ್ಟು ಬೇರೆ ಯೋಚನೆಯೇ ಬೇಡ. ಸದ್ದು ಇದೆ, ಸುಳ್ಳು ಹೇಳುವುದಿಲ್ಲ. ರಾತ್ರಿ ಹಾಲ್‌ನಲ್ಲಿ ಮಲಗಿದರೆ ಗುರ್ ಅಂತ ಶುರುವಾಗಿ ನಿಲ್ಲುವುದು ಕೇಳುತ್ತದೆ. ಬೆಡ್‌ರೂಮಿನಲ್ಲಿ ಇಡಬೇಡಿ.

18 ಬಾಟಲಿ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಕಂಪನಿಯವರು ಲೆಕ್ಕ ಹಾಕುವುದು ಬೋರ್ಡೊ ಬಾಟಲಿ ಹಿಡಿದು, ಅಂದರೆ ನೇರ ಭುಜದ ಸಣ್ಣ ಮೈಯದು. ಇಳಿಜಾರು ಭುಜದ, ಹೊಟ್ಟೆ ಅಗಲವಾದ ಬರ್ಗಂಡಿ ಬಾಟಲಿ ಎರಡು ಬಂದರೆ ಆ ಹಲಗೆ ಹೊರಗೆ ಜಾರುವುದೇ ಇಲ್ಲ, ಮೇಲಿನ ಹಲಗೆಗೆ ಉಜ್ಜಿ ಲೇಬಲ್ ಹರಿಯುತ್ತದೆ. ಶಾಂಪೇನ್ ಥರದ ದಪ್ಪ ಬಾಟಲಿಗೆ ಒಂದು ಹಲಗೆಯನ್ನೇ ತೆಗೆದಿಟ್ಟಿದ್ದೇನೆ.

ಎರಡು ಖಾನೆ ಇರುವುದು ಕೇಳಲು ಚೆಂದ. ನನಗೇನೋ ಅದು ಬೇಕಾಗಿಲ್ಲ ಅನ್ನಿಸಿದೆ. ಈಗ ಎರಡನ್ನೂ 13ಕ್ಕೆ ಇಟ್ಟಿದ್ದೇನೆ. ಕೂಡಿಡುವುದಕ್ಕೆ ಬಿಳಿಗೂ ಕೆಂಪಿಗೂ ಅದೇ ಹದ. ಬಿಳಿ ವೈನ್ ಕುಡಿಯುವ ದಿನ ಒಂದೆರಡು ಗಂಟೆ ಅಡುಗೆಮನೆ ಫ್ರಿಜ್‌ನಲ್ಲಿ ಇಟ್ಟರೆ ಆಯಿತು. ಕೆಂಪನ್ನು ತೆಗೆದು ಮೇಜಿನ ಮೇಲೆ ಸ್ವಲ್ಪ ಹೊತ್ತು ಬಿಟ್ಟರೆ 16, 17ಕ್ಕೆ ತಾನೇ ಬರುತ್ತದೆ. ಕೆಂಪು ವೈನನ್ನು ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕು ಅನ್ನುವ ಮಾತು ಯುರೋಪಿನ ತಣ್ಣನೆಯ ಹಳೇ ಮನೆಗಳದ್ದು. ನಮ್ಮ 30 ಡಿಗ್ರಿ ಹಾಲ್‌ಗೆ ಅದು ಹೊಂದುವುದಿಲ್ಲ, ಬರೀ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ.

ಬಾಗಿಲ ಮೇಲಿನ ಅಂಕಿ ಮೇಲೆ ಕೆಳಗೆ ಆಡುತ್ತಿದ್ದರೆ ಗಾಬರಿ ಆಗಬೇಡಿ. ಅದು ಒಳಗಿನ ಗಾಳಿಯ ಟೆಂಪರೇಚರ್. ಒಂದು ಬಾಟಲಿಗೆ ನೀರು ತುಂಬಿ ಅದರೊಳಗೆ ಥರ್ಮಾಮೀಟರ್ ಇಟ್ಟು ನೋಡಿದೆ. ಗಾಳಿ ಎರಡು ಮೂರು ಡಿಗ್ರಿ ಏರಿಳಿದರೂ ನೀರು ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ. ಬಾಟಲಿ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಅದಕ್ಕೇ ಖಾಲಿ ಜಾಗದಲ್ಲೆಲ್ಲ ಹಳೇ ವೈನ್ ಬಾಟಲಿಗೆ ನೀರು ತುಂಬಿ ಮಲಗಿಸಿದ್ದೇನೆ. ಕರೆಂಟ್ ಅರ್ಧ ದಿನ ಹೋದರೂ ಬಾಗಿಲು ತೆಗೆಯದಿದ್ದರೆ ಒಳಗೆ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಸ್ಟೆಬಿಲೈಸರ್ ಮಾತ್ರ ಬೇಕೇ ಬೇಕು.

ರಿಪೇರಿ ವಿಷಯಕ್ಕೆ ಬಂದರೆ ಇದಕ್ಕೆ ನಾನು ಕೊಡುವ ಅಂಕ ಕಡಿಮೆ. ಮೂರನೇ ವರ್ಷ ಒಳಗಿನ ಫ್ಯಾನ್ ನಿಂತಿತು. ಕೆಳಗೆ 12, ಮೇಲೆ 18. ಕಂಪನಿಗೆ ಫೋನ್ ಮಾಡಿದರೆ ಬೆಂಗಳೂರಿಂದ ಜನ ಬರಬೇಕು ಅಂದರು, ಇವತ್ತು ನಾಳೆ ಅಂತ ದಿನ ತಳ್ಳಿದರು. ಕೊನೆಗೆ ನಮ್ಮ ಬೀದಿಯ ಫ್ರಿಜ್ ಮೆಕ್ಯಾನಿಕ್ಕನ್ನೇ ಕರೆದೆ. ಬಂದವರು ಹಿಂದಿನ ಪ್ಲೇಟ್ ಬಿಚ್ಚಿ, "ಫ್ರಿಜ್ ಫ್ರಿಜ್ಜೇ ಅಲ್ವಾ ಸಾರ್, ಒಳಗೆ ಹಾಲಿಟ್ರೇನು ಇದಿಟ್ರೇನು" ಅಂದವರೇ ಅದೇ ಅಳತೆಯ ಫ್ಯಾನ್ ತಂದು ಅವತ್ತೇ ಹಾಕಿ ಹೋದರು. ಈಗಲೂ ಅದೇ ಓಡುತ್ತಿದೆ. ಹಿಂದುಗಡೆ ಗಾಳಿಯಾಡಲು ಒಂದು ಗೇಣು ಜಾಗ ಬಿಡಿ ಅಂದಿದ್ದೂ ಅವರೇ. ಬಿಟ್ಟ ಮೇಲೆ ಕಂಪ್ರೆಸರ್ ಓಡುವುದು ಕಡಿಮೆಯಾಯಿತು.

ಬೇಸಿಗೆಯಲ್ಲಿ ಒಳಗಿನ ಗಾಳಿ ಒಣಗುತ್ತದೆ, ಒಂದು ಬಟ್ಟಲು ನೀರು ಇಡುತ್ತೇನೆ. ಆಷಾಢದಲ್ಲಿ ಉಲ್ಟಾ. ಬಾಗಿಲು ತೆಗೆದರೆ ಬಾಟಲಿ ಬೆವರಿ ಲೇಬಲ್ ನೆನೆಯುತ್ತದೆ. ಬೆಲೆ ಬಾಳುವ ಬಾಟಲಿಗೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿಡಿ.

ಏನನ್ನು ಇಡಬೇಕು ಅನ್ನುವುದೂ ಮುಖ್ಯ. ಎಲ್ಲಾ ವೈನೂ ಇಟ್ಟರೆ ಚೆನ್ನಾಗುತ್ತದೆ ಅನ್ನುವುದು ತಪ್ಪು. ನಮ್ಮ ಅಂಗಡಿಗಳಲ್ಲಿ ಸಿಗುವ ಬಹುಪಾಲು ವೈನ್, ಅದರಲ್ಲೂ ಸೊವಿನ್ಯೊನ್ ಬ್ಲಾಂಕ್ ಅನ್ನುವ ಬಿಳಿ ವೈನ್, ರೋಸೆ ಅನ್ನುವ ಗುಲಾಬಿ ಬಣ್ಣದ ವೈನ್ ಥರದ್ದು, ತಂದ ವರ್ಷವೇ ಕುಡಿಯುವಂಥದ್ದು. ಅವು ಅಡುಗೆಮನೆ ಫ್ರಿಜ್‌ನಲ್ಲೇ ಇರಲಿ. ನಂದಿ ಬೆಟ್ಟದ ಬುಡದ ಗ್ರೋವರ್ ಅವರ ಲಾ ರಿಸರ್ವ್, ಹಂಪಿ ಬೆಟ್ಟಗಳ ಕಡೆಯ ಕೃಷ್ಮಾ ಕ್ಯಾಬರ್ನೆ, ಈ ಸೆಟ್ಟೆ, ಯಾರಾದರೂ ಹೊರದೇಶದಿಂದ ತಂದುಕೊಟ್ಟ ಒಳ್ಳೆಯ ಫ್ರೆಂಚ್ ಬೋರ್ಡೊ ವೈನ್, ಇಂಥವಕ್ಕೆ ಈ ಜಾಗ. ಬೆಂಗಳೂರು ರಸ್ತೆಯಲ್ಲಿ ಚನ್ನಪಟ್ಟಣದ ಹತ್ತಿರ ಸುಲಾದವರ ವೈನರಿ ಇದೆ, ಅಲ್ಲಿಂದ ತರುವವರಿಗೆ ಒಂದು ಮಾತು. ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನ ಬಿಟ್ಟು ಊಟಕ್ಕೆ ಹೋಗಬೇಡಿ. ಥರ್ಮಾಕೋಲ್ ಡಬ್ಬ ಇಟ್ಟುಕೊಳ್ಳಿ.

ನಾನು ಇಷ್ಟೆಲ್ಲ ಮಾಡುವುದು ಒಬ್ಬನೇ ಕೂತು ಕುಡಿಯುವುದಕ್ಕಲ್ಲ. 750 ಎಂಎಲ್ ಬಾಟಲಿ ಅಂದರೆ ಐದು ಗ್ಲಾಸು, ಅದು ನಾಲ್ಕೈದು ಜನರ ಲೆಕ್ಕ. ಹಳೇ ಕೆಂಪು ವೈನ್ ತೆಗೆಯುವುದಾದರೆ ಹಿಂದಿನ ದಿನವೇ ಬಾಟಲಿ ನೆಟ್ಟಗೆ ನಿಲ್ಲಿಸುತ್ತೇನೆ, ಗಸಿ ತಳಕ್ಕೆ ಇಳಿಯಲಿ ಅಂತ. ಬಂಡೂರು ಕುರಿ ಸಾರು, ಮುದ್ದೆ ಮಾಡಿದ ದಿನ ಒಗರು ಜಾಸ್ತಿ ಇರುವ ಕೆಂಪು ವೈನ್ ಜೊತೆಗೆ ಕುಡಿದರೆ ಖಾರ ಇಮ್ಮಡಿಯಾಗುತ್ತದೆ. ಆವತ್ತಿಗೆ ಒಂಚೂರು ಸಿಹಿ ಉಳಿದಿರುವ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ಸರಿ. ಮೆಣಸು ಹಾಕಿ ಹುರಿದ ಮಾಂಸಕ್ಕೆ, ಖಾರ ಹಿಡಿತದಲ್ಲಿದ್ದರೆ, ಸೆಟ್ಟೆ ತೆಗೆಯಿರಿ. ನಮ್ಮತ್ತೆ ಕುಡಿಯುವುದಿಲ್ಲ, ಆದರೆ ಪ್ರತಿ ಸಲ ಗ್ಲಾಸ್ ಇಸ್ಕೊಂಡು ಮೂಸಿ ನೋಡಿ "ಇದು ನೇರಳೆಹಣ್ಣು", "ಇದು ಹುಣಸೆ" ಅಂತ ಹೇಳುತ್ತಾರೆ. ನಮ್ಮೆಲ್ಲರಿಗಿಂತ ಚೆನ್ನಾಗಿ ಹೇಳುತ್ತಾರೆ.

ಕೊಳ್ಳುವವರು ಸೈಜ್ ನೋಡುವ ಮುಂಚೆ ಅಬಕಾರಿ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ಮಿತಿ ಇದೆ, ಬಿಯರಿಗೆ, ವೈನಿಗೆ, ವಿಸ್ಕಿಗೆ ಬೇರೆ ಬೇರೆ. ಬಿಲ್ ಎಸೆಯಬೇಡಿ. ಮಕ್ಕಳಿರುವ ಮನೆಯಾದರೆ ಬೀಗ ಇರುವ ಮಾಡೆಲ್ಲೇ ತಗೊಳ್ಳಿ. ವರ್ಷದೊಳಗೆ ಕುಡಿದು ಮುಗಿಸುವವರಿಗೆ ಇದು ದಂಡ, ಆ ದುಡ್ಡಲ್ಲಿ ಇನ್ನೂ ಒಳ್ಳೆಯ ವೈನ್ ತನ್ನಿ. ಎರಡು ಮೂರು ವರ್ಷ ಕಾಯುವ ಮನಸ್ಸಿದ್ದರೆ ಒಂದೇ ಖಾನೆಯ ಕಂಪ್ರೆಸರ್ ಮಾಡೆಲ್ ನೋಡಿ, ಫೆಬ್ರವರಿಯಲ್ಲೇ ಕೊಳ್ಳಿ. ಏಪ್ರಿಲ್ ಬಿಸಿಲಿಗೆ 13 ಹಿಡಿದು ನಿಲ್ಲುತ್ತದೋ ಇಲ್ಲವೋ ಅನ್ನುವುದು ವಾರಂಟಿ ಇರುವಾಗಲೇ ಗೊತ್ತಾಗುತ್ತದೆ.