ಹವಾಯಿಯ ಬಿಗ್ ಐಲ್ಯಾಂಡ್: ಉಳಿಯೋದು ಕೋನಾದಲ್ಲಾ, ಹಿಲೋದಲ್ಲಾ?

ಹಸಿರು ನೋಡಲು ಹೋಗುವವರು ದ್ವೀಪದ ಪೂರ್ವ ತೀರದ ಹಿಲೋದಲ್ಲೇ ಉಳಿಯಿರಿ. ಮೊದಲ ಸಲ ನಾನು ಪಶ್ಚಿಮ ತೀರದ ಕೋನಾದಲ್ಲಿ ಐದು ರಾತ್ರಿಗೆ ಪೂರ್ತಿ ದುಡ್ಡು ಕಟ್ಟಿಬಿಟ್ಟಿದ್ದೆ. ರದ್ದು ಮಾಡಿದರೂ ವಾಪಸ್ ಬರದ ದುಡ್ಡು. ಮುಂದಿನ ಸಲ ಹಿಲೋಗೆ ಹೋದೆ.

ಈಶಾನ್ಯದ ಗಾಳಿ ಸಮುದ್ರದ ತೇವ ಹೊತ್ತು ತಂದು ಮೌನಾ ಕೇಯಾ, ಮೌನಾ ಲೋವಾ ಬೆಟ್ಟಗಳಿಗೆ ಬಡಿಯುತ್ತದೆ. ಎರಡೂ 4,000 ಮೀಟರಿಗಿಂತ ಎತ್ತರ. ಹಾಗಾಗಿ ಮಳೆಯೆಲ್ಲ ಹಿಲೋ ಕಡೆಗೇ ಸುರಿಯುತ್ತದೆ, ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ. ಬೆಟ್ಟದ ಮರೆಯ ಕೋನಾ ತೀರ ಒಣಗಿರುತ್ತದೆ. ವಿಮಾನ ನಿಲ್ದಾಣದ ಸುತ್ತ ಕಪ್ಪು ಲಾವಾ ಬಯಲು. ಅದಕ್ಕೂ ಒಂದು ಚೆಲುವಿದೆ, ಆದರೆ ನಾನು ಹೋಗಿದ್ದು ಜಲಪಾತಕ್ಕೆ, ಮರದೆತ್ತರ ಬೆಳೆಯುವ ಜರೀಗಿಡಕ್ಕೆ.

ಕೋನಾದಲ್ಲಿ ನನ್ನನ್ನು ಸೋಲಿಸಿದ್ದು ದೂರ. ನಕ್ಷೆಯಲ್ಲಿ ದ್ವೀಪ ಚಿಕ್ಕದಾಗಿ ಕಾಣುತ್ತದೆ, ಅಲ್ವಾ? ಆದರೆ ಅಲ್ಲಿಂದ ಜ್ವಾಲಾಮುಖಿ ಉದ್ಯಾನಕ್ಕೆ ಎರಡು ಗಂಟೆಗೂ ಮೇಲೆ.

ಆ ಉದ್ಯಾನದೊಳಗಿನ ಕಿಲವೇಯಾ ಜ್ವಾಲಾಮುಖಿಯ ಕುಳಿಯಲ್ಲಿ 2024ರ ಡಿಸೆಂಬರ್ 23ರಿಂದ ಲಾವಾ ಕಾರಂಜಿ ಬಿಟ್ಟುಬಿಟ್ಟು ಚಿಮ್ಮತೊಡಗಿತು. ಒಮ್ಮೆ ಚಿಮ್ಮಿದರೆ ಎಷ್ಟೋ ಸಲ ಅರ್ಧ ದಿನವೂ ಇರುವುದಿಲ್ಲ. ಆಮೇಲೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಸುಮ್ಮನಾಗುತ್ತದೆ. ಕೋನಾದಲ್ಲಿ ತಿಂಡಿ ತಿನ್ನುವಾಗ ಸುದ್ದಿ ನೋಡಿದೆ. ಗಡಿಬಿಡಿಯಲ್ಲಿ ಹೊರಟೆ. ಕುಳಿಯ ಅಂಚಿಗೆ ಬಂದಾಗ ಬರೀ ಹೊಗೆ. ಜನ ಆಗಲೇ ಕಾರು ಹತ್ತುತ್ತಿದ್ದರು. ಕತ್ತಲಾದ ಮೇಲೆ ಕೆಂಪು ಹೊಳಪಾದರೂ ಕಂಡೀತು ಅಂತ ಕಾದೆ. ವಾಪಸ್ ಬರುವಾಗ, ಆ ಎರಡು ಬೆಟ್ಟಗಳ ನಡುವೆ ಹಾಯುವ ಸ್ಯಾಡಲ್ ರೋಡಿನಲ್ಲಿ ದಟ್ಟ ಮಂಜು. ಮುಂದಿನ ಬಿಳಿ ಗೆರೆ ಬಿಟ್ಟರೆ ಏನೂ ಕಾಣದು. ಕೋಣೆ ಸೇರಿದಾಗ ನಡುರಾತ್ರಿ ದಾಟಿತ್ತು. ಮರುದಿನ ಅಕಾಕಾ ಜಲಪಾತಕ್ಕೆ ಹೋಗುವ ಯೋಚನೆಯಿತ್ತು. ಏಳಲಾಗಲಿಲ್ಲ. ಹೀಗೆ ಒಂದೇ ಪ್ರಯಾಣ ಎರಡು ದಿನ ನುಂಗಿತು. ಇವತ್ತಿಗೂ ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ.

ಹಿಲೋದಿಂದ ಅದೇ ಉದ್ಯಾನಕ್ಕೆ ಮುಕ್ಕಾಲು ಗಂಟೆ. ಕಾರಿಗೆ 30 ಡಾಲರ್ ಕೊಟ್ಟರೆ ಏಳು ದಿನ ನಡೆಯುತ್ತದೆ, ಬಾಗಿಲು ದಿನದ 24 ಗಂಟೆಯೂ ತೆರೆದಿರುತ್ತದೆ. ಊಟ ಮುಗಿಸಿ ಹೊರಟು, ನೋಡಿ ಬಂದು, ಹೊತ್ತಿಗೆ ಸರಿಯಾಗಿ ಮಲಗಬಹುದು. ರೇನ್‌ಬೋ ಫಾಲ್ಸ್ ಊರಲ್ಲೇ ಇದೆ, ಬಿಟ್ಟಿ. ಬೆಳಗಿನ ಬಿಸಿಲಲ್ಲಿ ಹೋಗಿ, ಕಾಮನಬಿಲ್ಲು ಕಾಣುವುದು ಆಗಲೇ. 135 ಮೀಟರಿನ ಅಕಾಕಾಗೆ ಅರ್ಧ ಗಂಟೆ ಸಾಕು. ಹಿಲೋದಿಂದ ಉತ್ತರಕ್ಕೆ ಹೋಗುವ ಹಮಾಕುವಾ ಕರಾವಳಿಯ ದಾರಿಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಳ್ಳದ ಮೇಲೆ ಹಳ್ಳ. ಆ ದಾರಿಗೆ ಒಂದಿಡೀ ದಿನ ಇಡಿ. ದಾರಿಯ ಕೊನೆಯ ವೈಪಿಯೋ ಕಣಿವೆಯನ್ನು ಮಾತ್ರ, ನೀವಾಗಿಯೇ ಹೋದರೆ, ಮೇಲಿನಿಂದಲೇ ನೋಡಬೇಕು. ಕೆಳಗಿಳಿಯುವ ರಸ್ತೆ 2022ರಿಂದ ತಾವಾಗಿ ಬರುವ ಪ್ರವಾಸಿಗರಿಗೆ ಮುಚ್ಚಿದೆ.

ಹಿಲೋದಲ್ಲಿ ಒದ್ದೆ ಬಟ್ಟೆ ಒಣಗುವುದಿಲ್ಲ. ಎರಡು ಜೊತೆ ಚಪ್ಪಲಿ ಬೇಕೇ ಬೇಕು. ನಾನಿದ್ದಾಗ ರಾತ್ರಿಯಿಡೀ ಸುರಿದು ಬೆಳಿಗ್ಗೆ ಬಿಡುತ್ತಿತ್ತು, ಹಾಗಾಗಿ ತಿರುಗಾಟಕ್ಕೆ ತೊಂದರೆಯಾಗಲಿಲ್ಲ.

ಮರಳು, ಈಜು, ಸೂರ್ಯಾಸ್ತ ಬೇಕಿದ್ದರೆ ಕೋನಾವೇ ಸರಿ. ಅದರಲ್ಲಿ ಎರಡು ಮಾತಿಲ್ಲ.

ನನಗೆ ಈಜು ಬರುವುದಿಲ್ಲ, ಬೇಗ ಏಳುವ ಅಭ್ಯಾಸವಿದೆ, ಕೋಣೆಗೆ ಜಾಸ್ತಿ ಸುರಿಯುವ ಮನಸ್ಸೂ ಇಲ್ಲ. ಹಿಲೋದ ಕೋಣೆ ನನಗೆ ಕೋನಾದ್ದಕ್ಕಿಂತ ಅಗ್ಗಕ್ಕೆ ಸಿಕ್ಕಿತು, ಪೆಟ್ರೋಲೂ ಉಳಿಯಿತು. ಈಜುವವರು ಜೊತೆಗಿದ್ದರೆ ಹಿಲೋದಲ್ಲಿ ನಾಲ್ಕು ರಾತ್ರಿ, ಕೊನೆಗೆ ಕೋನಾದಲ್ಲಿ ಎರಡು ಅಂತ ಹಂಚಿಕೊಳ್ಳಿ. ಒಬ್ಬನೇ ಹೋದರೆ ನಾನು ಆರನ್ನೂ ಹಿಲೋಗೇ ಕೊಡುತ್ತೇನೆ.